ಕಬ್ಬಿಣದ ನೆಲದ ಮೇಲೆ ಒಂದು ಪ್ರಮಾಣ

ಇಂಡೂರೂಪಿಲ್ಲಿ, ಬ್ರಿಸ್ಬೇನ್
19 ಅಕ್ಟೋಬರ್ 2014

ಅಪ್ಪಾ,

ನಿನ್ನ ಕಾಗದ ಗುರುವಾರ ಬಂತು, ಜೊತೆಗೆ ಕೌನ್ಸಿಲ್‌ನವರ ಆಹ್ವಾನದ ನಕಲೂ ಬಂತು. ಜನವರಿ 26, ಆಸ್ಟ್ರೇಲಿಯಾ ದಿನ, ಪರ್ತಿನ ಜೂಂಡಲಪ್, ಪೌರತ್ವದ ಪ್ರಮಾಣವಚನ, ಶ್ರೀ ರಮಾಕಾಂತ್ ಮತ್ತು ಒಬ್ಬ ಅತಿಥಿ. ಆ ಅತಿಥಿಯ ಪಕ್ಕದಲ್ಲಿ ನನ್ನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೀಯ. ಪೆನ್ನು ಹಿಡಿಯುವ ಧೈರ್ಯ ಬರಲಿಲ್ಲ. ಮಗಳು ಎಂಥವಳೆಂದು ಅಷ್ಟು ಗೊತ್ತು ನಿನಗೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರದು ಮೂರನೇ ನಿಮಿಷಕ್ಕೆ ಜಗಳ, ನಾಲ್ಕನೇ ನಿಮಿಷಕ್ಕೆ ನಿನ್ನ ಗಣಿ ಕ್ಯಾಂಪಿನಲ್ಲಿ ಸಿಗ್ನಲ್ ಇಲ್ಲ. ಕಾಗದದಲ್ಲಾದರೆ ನೀನು ನನ್ನನ್ನು ಕೊನೆಯವರೆಗೆ ಓದುತ್ತೀಯ.

ಪ್ರತಿ ಶನಿವಾರ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ವಿಶ್ವವಿದ್ಯಾಲಯದ ಕಡೆ ಹೋಗುತ್ತೇನೆ. ಅಲ್ಲಿ ಕರಪತ್ರದ ಮೇಜುಗಳಿರುತ್ತವೆ. ಯೂನಿಯನ್‌ನವರದು, ಮೂಲನಿವಾಸಿಗಳ ನೆಲದ ಹಕ್ಕಿನವರದು, ಕೊನೆಯಲ್ಲಿ ಚರ್ಚಿನವರದು. ಚರ್ಚಿನ ಮೇಜಿನ ಅಜ್ಜಿಗೆ ನನ್ನ ಗುರುತಿದೆ.

"ನೀನು ಕ್ರಿಶ್ಚಿಯನ್ ಏನಮ್ಮ?" ಅಂದಳು ಮೊದಲ ದಿನ.

"ಅಲ್ಲ."

"ಮತ್ತೆ ಎಲ್ಲಾ ಎರಡೆರಡು ಯಾಕೆ ತಗೊಳ್ತೀಯ?"

"ಒಂದು ಓದೋಕೆ, ಒಂದು ಗೀಚೋಕೆ."

ಅವಳು ನಕ್ಕು ಮೂರನೆಯದನ್ನೂ ಕೊಟ್ಟಳು. ನನ್ನ ಡಿಗ್ರಿ ಔಷಧಿಯದು. ಇತಿಹಾಸ ಕಲಿತದ್ದೆಲ್ಲ ಇಂಥ ಮೇಜುಗಳಲ್ಲಿ. ಅಲ್ಲಿ ಸಿಕ್ಕ ಒಂದು ಕಿರುಪುಸ್ತಕದ ವಿಷಯ ಹೇಳಿದರೆ ನನ್ನ ಉತ್ತರ ನಿನಗೆ ಅರ್ಥವಾಗುತ್ತದೆ.

ಎರಡು ಸಾವಿರದ ಏಳುನೂರು ವರ್ಷಗಳ ಹಿಂದೆ ಅಸ್ಸೀರಿಯದ ದೊರೆಯೊಬ್ಬ ತನ್ನ ಅಧೀನರಿಂದೆಲ್ಲ ಒಂದು ಆಣೆ ಹಾಕಿಸಿದ. ತನ್ನ ನಂತರ ತನ್ನ ಮಗನಿಗೆ ನಿಷ್ಠರಾಗಿರಬೇಕು ಎಂದು. ಅದನ್ನು ಮಣ್ಣಿನ ದೊಡ್ಡ ಹಲಗೆಗಳ ಮೇಲೆ ಬರೆಸಿದ. ಹೆದರಿಸಿ ಸುಮ್ಮನಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವನು ಪ್ರೀತಿ ಕೇಳಿದ. ಯುವರಾಜನನ್ನು ನಿಮ್ಮ ಪ್ರಾಣದಂತೆ ಪ್ರೀತಿಸಬೇಕು, ನೀವು, ನಿಮ್ಮ ಮಕ್ಕಳು, ಇನ್ನೂ ಹುಟ್ಟದ ಮೊಮ್ಮಕ್ಕಳು. ಊರು ಸುಟ್ಟವನು ಪ್ರೀತಿ ಕೇಳುತ್ತಾನೆ, ಅಪ್ಪಾ.

ಅವನಿಗೆ ಕಪ್ಪ ಕೊಡುತ್ತಿದ್ದ ರಾಜ್ಯಗಳಲ್ಲಿ ಯೆಹೂದವೆಂಬ ಪುಟ್ಟ ರಾಜ್ಯವೂ ಒಂದು. ಅಲ್ಲಿಯ ಲಿಪಿಕಾರರಿಗೆ ಆ ಆಣೆ ಗೊತ್ತಿತ್ತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಏಕೆಂದರೆ ಬೈಬಲ್ಲಿನ ಹಳೆಯ ಭಾಗವೊಂದರಲ್ಲಿ ಅದೇ ಷರತ್ತು, ಅದೇ ಧಾಟಿ, ಅವೇ ಶಾಪಗಳಿವೆ. ಆಣೆ ತಪ್ಪಿದರೆ ಆಕಾಶ ಕಂಚಾಗುತ್ತದೆ, ನೆಲ ಕಬ್ಬಿಣವಾಗುತ್ತದೆ ಎಂಬುದು ಎರಡರಲ್ಲೂ ಇದೆ. ಒಂದೇ ವ್ಯತ್ಯಾಸ. ಮನಸ್ಸಿಟ್ಟು ಪ್ರೀತಿಸಬೇಕಾದದ್ದು ಇಲ್ಲಿ ದೊರೆಯನ್ನಲ್ಲ, ದೇವರನ್ನು. ಸಾಮ್ರಾಜ್ಯದ ಕಾಗದವನ್ನೇ ಕದ್ದು ವಿಳಾಸ ಬದಲಾಯಿಸಿದರು. ನಾನು ದೇವರನ್ನು ನಂಬುವವಳಲ್ಲ, ಆದರೂ ಆ ಕಳ್ಳರಿಗೆ ಕೈ ಮುಗಿಯಬೇಕೆನಿಸಿತು.

ಇದನ್ನು ಓದಿದ ಕೈಯಲ್ಲೇ ನಿನ್ನ ಆಹ್ವಾನ ಹಿಡಿದೆ. ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲದ ಮೇಲೆ, ಬ್ರಿಟಿಷರು ಬಂದಿಳಿದು ಕಿತ್ತುಕೊಂಡ ದಿನವನ್ನೇ ಹಬ್ಬವೆನ್ನುವ ದಿನ, ನನ್ನ ಅಪ್ಪ ನಿಷ್ಠೆಯ ಮಾತು ಹೇಳುತ್ತಾನೆ. ಅದನ್ನು ನೋಡಲು ನಾನು ಐದು ಗಂಟೆ ವಿಮಾನದಲ್ಲಿ ಕೂರಬೇಕು.

ಯೋಚಿಸುತ್ತೇನೆ. ನೀನೂ ಯೋಚಿಸು.

ಜಗಳದ ನಡುವೆಯೂ ನಿನ್ನವಳೇ ಆದ
ಅದಿತಿ

•

ಗಣಿ ಕ್ಯಾಂಪ್, ಪಿಲ್ಬರಾ
2 ನವೆಂಬರ್ 2014

ಅದಿತಿ ಮರಿ,

ಕ್ಯಾಂಪಿನ ಆಫೀಸಿನಲ್ಲಿ ನಿನ್ನ ಕವರ್ ಕೈಗೆ ಬಂದಾಗ ರಾಜಗೋಪಾಲ ಪಕ್ಕದಲ್ಲೇ ಇದ್ದ. ಹಾಸನದವನು, ನನ್ನ ಹಾಗೆ ಜಿಯಾಲಜಿಸ್ಟ್, ಇಡೀ ಕ್ಯಾಂಪಿನಲ್ಲಿ ನನಗೆ ಕನ್ನಡ ಮಾತಾಡಲು ಸಿಗುವವನು ಅವನೊಬ್ಬನೇ.

"ಏನ್ ಸಾರ್, ಕವರ್ ದಪ್ಪ ಇದೆ. ಮಗಳು ಮತ್ತೆ ಬೈದಿದ್ದಾಳಾ?"

"ಈ ಸಲ ಅಸ್ಸೀರಿಯದಿಂದ ಬೈದಿದ್ದಾಳೆ" ಅಂದೆ.

"ಅದೆಲ್ಲಿ ಬರುತ್ತೆ, ಬ್ರಿಸ್ಬೇನ್ ಆಚೆಗಾ?"

ಊಟದ ಹಾಲ್‌ನಲ್ಲಿ ಕೂತು ಅವನಿಗೆ ನಿನ್ನ ಶಾಪದ ಸಾಲನ್ನು ಓದಿ ಹೇಳಿದೆ. ಆಕಾಶ ಕಂಚು, ನೆಲ ಕಬ್ಬಿಣ. ಅವನು ಕಿಟಕಿಯಿಂದ ಆಚೆ ನೋಡಿದ. ಆ ಹೊತ್ತಿಗೆ ಹೊರಗೆ ನಲವತ್ತೆರಡು ಡಿಗ್ರಿ, ಮೋಡವಿಲ್ಲ, ನೆಲವೆಲ್ಲ ಕೆಂಪು ಅದಿರು. "ಸಾರ್, ಶಾಪ ಆಗ್ಲೇ ತಗುಲಿದೆ. ನಾವು ಅದನ್ನ ಅಗೆದು ಹಡಗಿಗೆ ತುಂಬ್ತಾ ಇದ್ದೀವಿ" ಅಂದ. ನಗುತ್ತಾ ನಗುತ್ತಾ ಇಬ್ಬರಿಗೂ ಸಾರು ನೆತ್ತಿಗೇರಿತು.

ನಿನ್ನ ಲಿಪಿಕಾರರು ನನಗೆ ಹಿಡಿಸಿದರು. ಬಂಡೆ ಓದುವವನಿಗೆ ಇಂಥದ್ದು ಹೊಸದಲ್ಲ. ಮೇಲಿನ ಪದರ ಎಷ್ಟು ಭಾರ ಹಾಕಿದರೂ ಕೆಳಗಿನದು ಹಾಗೇ ಸುಮ್ಮನೆ ಇರುವುದಿಲ್ಲ. ಭಾರ ಹಾಕಿದ್ದನ್ನೇ ಸ್ವಲ್ಪ ಹೀರಿಕೊಂಡು ಬೇರೆ ಕಲ್ಲಾಗುತ್ತದೆ. ಆಮೇಲೆ ಆ ಜನರಿಗೆ ಏನಾಯಿತು? ಬರಿ.

ನನ್ನ ಒಂದು ಕಷ್ಟಕ್ಕೂ ಉತ್ತರ ಹೇಳು. ಪ್ರಮಾಣದಲ್ಲಿ ಎರಡು ಬಗೆಯಂತೆ. ದೇವರನ್ನು ಸೇರಿಸಿ ಹೇಳುವುದು ಒಂದು, ಬಿಟ್ಟು ಹೇಳುವುದು ಇನ್ನೊಂದು. ಬೇಕಾದರೆ ನಿಮ್ಮ ಧರ್ಮದ ಪುಸ್ತಕ ತನ್ನಿ ಎಂದು ಕೌನ್ಸಿಲ್‌ನ ಹುಡುಗಿ ಫೋನಿನಲ್ಲಿ ಹೇಳಿದಳು. ನಮ್ಮ ಮನೆಯಲ್ಲಿ ಯಾರಾದರೂ ಪುಸ್ತಕ ಮುಟ್ಟಿ ಆಣೆ ಹಾಕಿದ್ದನ್ನು ನೀನು ನೋಡಿದ್ದೀಯಾ? ನಿನ್ನ ಅಜ್ಜಿ ದೀಪ ಮುಟ್ಟುತ್ತಿದ್ದಳು. ನಿನ್ನ ಅಮ್ಮ ಇದ್ದಷ್ಟು ದಿನ ನಿನ್ನ ತಲೆ ಮುಟ್ಟುತ್ತಿದ್ದಳು, ಅದೂ ಮೂರನೇ ಕಾಫಿ ಕುಡಿದಿಲ್ಲ ಎಂದು ಸುಳ್ಳು ಹೇಳುವುದಕ್ಕೆ. "ಪುಸ್ತಕ ಇಲ್ಲಮ್ಮ" ಅಂದೆ. "ನೋ ವರೀಸ್, ಬಿಟ್ಟು ಹೇಳೋ ಗುಂಪಿಗೆ ಹಾಕ್ತೀನಿ" ಅಂದಳು. ಹೀಗೆ ನಾನು ದೇವರಿಲ್ಲದವರ ಪಟ್ಟಿಗೆ ಸೇರಿದೆ. ನಿನಗೆ ಸಂತೋಷವಾಗಿರಬೇಕು.

ಇಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ, ಎಂದಿನಂತೆ. ಮನೆಯ ವಾರದಲ್ಲಿ ನಿನ್ನ ಕೋಣೆಯ ಕಿಟಕಿ ತೆಗೆದಿಡುತ್ತೇನೆ.

ಬರುತ್ತೀಯಾ?

ಇಷ್ಟೇ ಕೇಳಬೇಕಾಗಿತ್ತು, ಉಳಿದದ್ದೆಲ್ಲ ಪೀಠಿಕೆ.

ಅಪ್ಪ

•

ಇಂಡೂರೂಪಿಲ್ಲಿ
23 ನವೆಂಬರ್ 2014

ಅಪ್ಪಾ,

ಇಲ್ಲ. ಬರುವುದಿಲ್ಲ. ಆ ದಿನ ಇಲ್ಲಿ ಮೂಲನಿವಾಸಿಗಳ ಮೆರವಣಿಗೆ ಇದೆ. ನಾನು ಅವರ ಜೊತೆ ನಡೆಯುತ್ತೇನೆ. ಒಂದೇ ದಿನ ಎರಡು ಕಡೆ ಇರಲಾರೆ, ಇದ್ದರೂ ಇರಬಾರದು.

ಆಮೇಲೆ ಏನಾಯಿತು ಎಂದು ಕೇಳಿದೆ. ಅಸ್ಸೀರಿಯ ಹೋಯಿತು, ಬಾಬಿಲೋನಿಯ ಬಂತು. ಯೆಹೂದದವರ ಪಟ್ಟಣ ಸುಟ್ಟಿತು, ದೇವಾಲಯ ಸುಟ್ಟಿತು, ಓದುಬರಹ ಬಲ್ಲವರನ್ನು, ಕಸುಬು ಬಲ್ಲವರನ್ನು ಹಿಡಿದು ಸಾವಿರ ಮೈಲಿ ಆಚೆಗೆ ಒಯ್ದಿತು. ಕಸುಬು ಬಲ್ಲವರಿಗೆ ಈ ದೇಶ ಕೊಡುವ ಸ್ಕಿಲ್ಡ್ ವೀಸಾ ಎಂದು ನಗಬೇಡ, ನನಗೂ ಹೊಳೆದಿದೆ. ದೇವಾಲಯವಿಲ್ಲದ ದೇವರನ್ನು ಏನು ಮಾಡುವುದೆಂದು ತಿಳಿಯದೆ ಅವರು ಹಳೆಯ ಕಥೆ ಕಟ್ಟಳೆಗಳನ್ನೆಲ್ಲ ಕೂಡಿಸಿ ಬರೆಯತೊಡಗಿದರು. ಬೈಬಲ್ಲಿನ ಎಷ್ಟೋ ಭಾಗ ಹಾಗೆ ರೂಪುಗೊಂಡಿತಂತೆ. ಇಲ್ಲಿಯವರೆಗೂ ಅವರು ನನ್ನವರು.

ಆಮೇಲೆ ಪರ್ಷಿಯದ ದೊರೆ ಕೋರೇಷ ಬಂದು ಬಾಬಿಲೋನ್ ಗೆದ್ದ. ಮನೆಗೆ ಹೋಗಿ ಎಂದ. ಅಷ್ಟಕ್ಕೇ ಈ ಜನ ಅವನನ್ನು ದೇವರೇ ಅಭಿಷೇಕ ಮಾಡಿದವನು ಎಂದು ಬರೆದುಬಿಟ್ಟರು. ಅವರ ದೇವರ ಹೆಸರೂ ತಿಳಿಯದ ಪರದೇಶದ ಚಕ್ರವರ್ತಿಯನ್ನು. ನನಗೆ ಮೈ ಉರಿಯಿತು. ಬಾಗಿಲು ತೆರೆದವನು ಸೆರೆಮನೆಯ ಹೊಸ ಮಾಲೀಕ, ಅಷ್ಟೇ. ಅವನಿಗೆ ಅಷ್ಟು ಬೇಗ ಕೈ ಮುಗಿಯಬೇಕೆ?

ನಿನ್ನನ್ನೂ ಇದನ್ನೇ ಕೇಳುತ್ತೇನೆ. ಈ ದೇಶ ನಿನ್ನನ್ನು ಎಲ್ಲಿ ಹಿಡಿದಿಟ್ಟಿತ್ತು ಎಂದು ಈ ಕೃತಜ್ಞತೆ? ನಿನ್ನನ್ನು ಯಾರೂ ಹೊರಗೆ ಹಾಕುತ್ತಿಲ್ಲ. ಕೆಲಸವಿದೆ, ಮನೆಯಿದೆ, ಇರುವ ವೀಸಾ ಸಾಯುವವರೆಗೂ ಸಾಕು. ಹೆದರಿ ಬಗ್ಗುವವನ ಕಷ್ಟ ನನಗೆ ಅರ್ಥವಾಗುತ್ತದೆ. ನೀನು ಹೆದರಿಕೆಯೇ ಇಲ್ಲದೆ, ಬರೀ ಅನುಕೂಲಕ್ಕೆ ಮಂಡಿಯೂರುತ್ತಿದ್ದೀಯ. ಯಾರಿಗೂ ಹೆದರಬೇಡ ಎಂದು ನನಗೆ ಹೇಳಿಕೊಟ್ಟವನು ನೀನಾದ್ದರಿಂದ ಇಷ್ಟು ಬರೆಯುವ ಹಕ್ಕು ನನಗಿದೆ.

ಬಿಸಿಲಿಗೆ ಟೋಪಿ ಹಾಕಿಕೋ.

ಅದಿತಿ

•

ಸ್ಯಾಲಿಸ್‌ಬರಿ, ಅಡಿಲೇಡ್
14 ಡಿಸೆಂಬರ್ 2014

ಅದಿತಿಗೆ ನಾಗವೇಣಿ ಅತ್ತೆ ಬರೆಯುವುದು,

ನಾನು ಕಾಗದ ಬರೆದು ಹತ್ತು ವರ್ಷವಾಯಿತು, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನಗೆ ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಇದು.

ನಿನ್ನ ಕಾಗದ ಓದಿದ ಮೇಲೆ ನನ್ನ ಅಣ್ಣ ನನಗೆ ಫೋನ್ ಮಾಡಿದ್ದ. ಇಪ್ಪತ್ತು ನಿಮಿಷ ಅಡಿಲೇಡಿನ ಹವಾಮಾನ ಕೇಳಿದ. ಅವನು ಹವಾಮಾನ ಕೇಳಿದರೆ ಏನೋ ಆಗಿದೆ ಎಂದೇ ಅರ್ಥ. ಗಂಟಲಿಗೆ ಕೈ ಹಾಕಿ ಹೊರಡಿಸಿದೆ. "ಏನಿಲ್ಲ ಕಣೇ, ಅದಿತಿ ಕೇಳಿದ್ದು ಸರಿಯಾಗೇ ಇದೆ, ಅವಳಿಗೆ ಗೊತ್ತಿಲ್ವಲ್ಲ" ಅಂದ. ಅವಳಿಗೆ ಗೊತ್ತಿಲ್ಲವಲ್ಲ ಎಂದು ಅವನು ಐದು ವರ್ಷ ಸುಮ್ಮನಿದ್ದದ್ದು ಸಾಕು.

2009ರ ಮೇ ತಿಂಗಳು. ನೀನು ಹನ್ನೆರಡನೇ ತರಗತಿಯಲ್ಲಿದ್ದೆ. ಗಣಿಯಲ್ಲಿ ಒಂದೇ ದಿನ ಅರುವತ್ತು ಜನರನ್ನು ತೆಗೆದರು, ಅವರಲ್ಲಿ ನಿನ್ನ ಅಪ್ಪನೂ ಒಬ್ಬ. ಆಗ ನಿಮ್ಮದು ಕಂಪನಿಯ ಹೆಸರಿಗೆ ಅಂಟಿದ ವೀಸಾ. ಇಪ್ಪತ್ತೆಂಟು ದಿನದೊಳಗೆ ಇನ್ನೊಂದು ಕಂಪನಿ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಿನ್ನ ಪರೀಕ್ಷೆಗೆ ಐದು ತಿಂಗಳಿತ್ತು. ನಿನಗೆ ಹೇಳಿದರೆ ಓದು ಕೆಡುತ್ತದೆ ಎಂದು ಅವನು ಹೇಳಲಿಲ್ಲ. ಕಂಪನಿಯವರು ಪರ್ತ್ ಆಫೀಸಿಗೆ ಹಾಕಿದ್ದಾರೆ ಎಂದು ನಿನಗೆ ಸುಳ್ಳು ಹೇಳಿದ. ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು, ನೀನು ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ. ನೀನು ಬಾಗಿಲಲ್ಲಿ ನಿಂತು ಟಾಟಾ ಮಾಡುತ್ತಿದ್ದೆಯಂತೆ. ಅವನು ರೈಲಿನಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ, ಕಂಡ ಕಂಡ ಆಫೀಸಿನಲ್ಲಿ ಅರ್ಜಿ ಕೊಟ್ಟು, ಸಂಜೆ ಬೂಟಿಗೆ ಒಂದಿಷ್ಟು ಮಣ್ಣು ಹಚ್ಚಿಕೊಂಡು ಬರುತ್ತಿದ್ದ. ಆಫೀಸಿನವನ ಬೂಟಿಗೆ ಮಣ್ಣು ಯಾಕೆ ಅಂತ ನೀನೂ ಕೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ. ಇಬ್ಬರೂ ಅಷ್ಟೇ ಬುದ್ಧಿವಂತರು.

ಇಪ್ಪತ್ತಾರನೇ ದಿನ ಕೆಲಸ ಸಿಕ್ಕಿತು. ಹಿಂದೆ ಅವನ ಕೈಕೆಳಗೆ ಇದ್ದವನ ಕೈಕೆಳಗೆ.

ಈಗಿನ ವೀಸಾ ಗಟ್ಟಿ ಎಂದು ನಾನೂ ಹೇಳಿದೆ. "ಗೊತ್ತು ನಾಗು. ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಾಗ್ತಾ ಇಲ್ಲ" ಅಂದ. ಅದಿರಿನ ಬೆಲೆ ಮತ್ತೆ ಬಿದ್ದಿದೆ ಎಂದು ಟಿವಿಯಲ್ಲಿ ದಿನಾ ಬರುತ್ತಿದೆಯಲ್ಲ.

ಇಷ್ಟಾದರೂ ಅವನು ಏನು ಮಾಡಿದ್ದಾನೆ ಗೊತ್ತಾ? ಜನವರಿ 26 ಬೇಡ, ಮಗಳಿಗೆ ಆ ದಿನ ಒಪ್ಪಿಗೆಯಿಲ್ಲ ಎಂದು ಕೌನ್ಸಿಲ್‌ಗೆ ಬರೆದು ಮಾರ್ಚ್ 18ಕ್ಕೆ ಹಾಕಿಸಿಕೊಂಡಿದ್ದಾನೆ. ನಿನಗೆ ತಿಳಿಸಿಲ್ಲ. ತಿಳಿಸಿದರೆ ಒತ್ತಾಯ ಮಾಡಿದ ಹಾಗಾಗುತ್ತಂತೆ.

ನಾನು ಹೇಳಿದೆ ಅಂತ ಅವನಿಗೆ ಹೇಳಬೇಡ. ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಚಕ್ಕುಲಿ ಮಾಡಿದ್ದೇನೆ, ಪಾರ್ಸೆಲ್ ಮಾಡುತ್ತೇನೆ.

ನಿನ್ನ ಜಡೆ ಹಾಕಿ ಬೆಳೆಸಿದ
ನಾಗವೇಣಿ ಅತ್ತೆ

•

ಇಂಡೂರೂಪಿಲ್ಲಿ
4 ಜನವರಿ 2015

ಅಪ್ಪಾ,

ತುಂಬ ದಿನ ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ಇದು ಐದನೆಯದು, ಇದನ್ನು ಹರಿಯುವುದಿಲ್ಲ.

ಒಂದು ತಪ್ಪೊಪ್ಪಿಗೆ ಇದೆ. ಚರ್ಚಿನ ಅಜ್ಜಿ ಕೊಟ್ಟ ಕಿರುಪುಸ್ತಕದಲ್ಲಿ ಒಂದು ಪುಟವನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಮೇಲೆ ಕಣ್ಣಾಡಿಸಿದಾಗಲೇ ಅದು ನನ್ನ ವಾದಕ್ಕೆ ಆಗಿಬರುವುದಿಲ್ಲವೆಂದು ಗೊತ್ತಾಗಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಓದಿದೆ.

ಬಾಬಿಲೋನಿಗೆ ಒಯ್ದ ಜನರಿಗೆ ಊರಿನಿಂದ ಒಂದು ಕಾಗದ ಬರುತ್ತದೆ. ಬರೆದವನು ಒಬ್ಬ ಪ್ರವಾದಿ. ನಾನಾಗಿದ್ದರೆ ಬಂಡಾಯ ಏಳಿ ಎಂದು ಬರೆಯುತ್ತಿದ್ದೆ. ಅವನು ಮನೆ ಕಟ್ಟಿಕೊಳ್ಳಿ ಎಂದು ಬರೆಯುತ್ತಾನೆ. ತೋಟ ಹಾಕಿ, ಅದರ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ. ನಿಮ್ಮನ್ನು ಹಿಡಿದೊಯ್ದ ಆ ಪಟ್ಟಣಕ್ಕಾಗಿಯೇ ಬೇಡಿಕೊಳ್ಳಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎನ್ನುತ್ತಾನೆ. ಸುಟ್ಟವರ ಕ್ಷೇಮಕ್ಕೆ. ನಾನು ಆ ಪುಟವನ್ನು ಗೀಚಲು ಪೆನ್ನು ತೆಗೆದುಕೊಂಡೆ. ಗೀಚಲಾಗಲಿಲ್ಲ. ಇದನ್ನು ಓದಿದವರಿಗೆ ಎಷ್ಟು ಸಿಟ್ಟು ಬಂದಿರಬಹುದು, ಎಷ್ಟು ಸಮಾಧಾನವಾಗಿರಬಹುದು ಎಂದು ಯೋಚಿಸಿದೆ. ಮನೆಯೊಳಗೆ ಓದುವ ಮಗಳಿರುವವನಿಗೆ ಹೆಚ್ಚು ಸಮಾಧಾನವಾಗಿರಬೇಕು.

ಶನಿವಾರ ಅಜ್ಜಿಯನ್ನು ಕೇಳಿದೆ, "ಇವನು ಸಾಮ್ರಾಜ್ಯದ ಕಡೆಯವನಾ, ಜನರ ಕಡೆಯವನಾ?"

"ಕಾಗದ ಬರೀತಾನಲ್ಲ ಕಣಮ್ಮ, ಯಾರಿಗೆ ಬರೀತಾನೋ ಅವರ ಕಡೆಯವನು" ಅಂದಳು.

ನವೆಂಬರ್‌ನಲ್ಲಿ ನಾನು ನಿನಗೆ ಬರೆದದ್ದರಲ್ಲಿ ಒಂದು ಪ್ಯಾರಾ ಇದೆ. ಹೆದರಿಕೆಯ ಬಗ್ಗೆ. ಅದನ್ನು ಇಟ್ಟುಕೊಂಡಿದ್ದರೆ ಕತ್ತರಿಸಿ ಬಿಸಾಡು. ಯಾಕೆಂದು ಕೇಳಬೇಡ.

ಮಾರ್ಚ್ 18ಕ್ಕೆ ಬರುತ್ತೇನೆ. ತಾರೀಕು ಹೇಗೆ ತಿಳಿಯಿತೆಂದೂ ಕೇಳಬೇಡ. ಮೊದಲೇ ಹೇಳಿಬಿಡುತ್ತೇನೆ, ನಾನು ಪೌರತ್ವಕ್ಕೆ ಅರ್ಜಿ ಹಾಕುವುದಿಲ್ಲ. ಜನವರಿ 26ಕ್ಕೆ ಮೆರವಣಿಗೆಯಲ್ಲಿ ನಡೆದೇ ನಡೆಯುತ್ತೇನೆ. ನಿನ್ನ ಪ್ರಮಾಣದ ಹಾಲ್‌ನಲ್ಲಿ ರಾಷ್ಟ್ರಗೀತೆಗೆ ಎಲ್ಲರೂ ಎದ್ದಾಗ ಕೂತೇ ಇರುತ್ತೇನೆ. ಹಾಗೆ ಕೂತಿರುವವಳು ಪಕ್ಕದಲ್ಲಿದ್ದರೆ ನಿನಗೆ ಅವಮಾನವಿಲ್ಲ ಎಂದಾದರೆ ಮಾತ್ರ ಆ ಪೆನ್ಸಿಲಿನ ಹೆಸರನ್ನು ಪೆನ್ನಿನಲ್ಲಿ ಬರಿ.

ಎಷ್ಟು ಬರೆದರೂ ಹೇಳಬೇಕಾದ್ದು ಬಾಕಿ ಉಳಿಸಿಕೊಂಡ
ಅದಿತಿ

•

ಜೂಂಡಲಪ್, ಪರ್ತ್
22 ಮಾರ್ಚ್ 2015

ಅದಿತಿ ಮರಿ,

ನಿನ್ನೆ ನಿನ್ನನ್ನು ವಿಮಾನ ಹತ್ತಿಸಿ ಬಂದವನು ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ, ಪೆಟ್ರೋಲ್ ಹಾಕಿಸದೆ, ಒಬ್ಬನೇ ಕೂತು ನಕ್ಕೆ. ನೀನು ಆ ಹಾಲ್‌ನಲ್ಲಿ ನಕ್ಕದ್ದು ನೆನಪಾಗಿ.

ನಿಜವಾಗಿ ಏನಾಯಿತೆಂದರೆ, ಮೊದಲು ದೇವರ ಗುಂಪಿಗೆ ಎದ್ದು ನಿಲ್ಲಿ ಎಂದರು. ನನ್ನದು ಎರಡನೇ ಗುಂಪು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪಕ್ಕದಲ್ಲಿದ್ದ ಫಿಲಿಪೀನ್ಸಿನ ವಯಸ್ಸಾದ ಹೆಂಗಸು ಎದ್ದರು. ಅಷ್ಟು ದೊಡ್ಡವರು ನಿಂತಿರುವಾಗ ಮೈಸೂರಿನವನು ಕೂತಿರುವುದು ಹೇಗೆ? ಎದ್ದೆ. ಎದ್ದ ಮೇಲೆ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೇಳಿಯೂಬಿಟ್ಟೆ. ಆಮೇಲೆ ನನ್ನ ಗುಂಪನ್ನು ಕರೆದರು. ಮತ್ತೆ ಎದ್ದೆ. ಪ್ರಮಾಣ ಮಾಡಿಸುತ್ತಿದ್ದ ಅಧಿಕಾರಿ ಪಟ್ಟಿ ನೋಡಿ, "ಸರ್, ನಿಮ್ಮದು ಆಗಲೇ ಆಯ್ತಲ್ಲ?" ಅಂದರು. "ಅದು ಅವರ ಮರ್ಯಾದೆಗೆ, ಇದು ನನ್ನದು" ಅಂದೆ. ಆಗಲೇ ಹಿಂದಿನಿಂದ ನಿನ್ನ ನಗು ಕೇಳಿಸಿದ್ದು. ಅಷ್ಟು ದೊಡ್ಡ ಹಾಲ್‌ನಲ್ಲಿ ಒಬ್ಬಳೇ. ರಾಷ್ಟ್ರಗೀತೆಗೆ ನೀನು ಕೂತಿದ್ದನ್ನು ಯಾರೂ ಗಮನಿಸಲಿಲ್ಲ, ಎಲ್ಲರೂ ನಿನ್ನನ್ನು ಆ ನಗುವಿನಿಂದಲೇ ಗುರುತಿಟ್ಟುಕೊಂಡಿದ್ದರು. ಹೀಗೆ ನಿನ್ನ ಅಪ್ಪ ಒಂದೇ ಸಂಜೆ ದೇವರ ಜೊತೆಗೂ, ದೇವರಿಲ್ಲದೆಯೂ ಪ್ರಮಾಣ ಮಾಡಿದವನು.

ನಾಗವೇಣಿ ಹೇಳಿದ್ದಾಳೆ ಎಂದು ನನಗೆ ಗೊತ್ತು. ನಾಲ್ಕು ದಿನವೂ ನೀನು ಅದರ ಮಾತೆತ್ತಲಿಲ್ಲ. ತೊಳೆದಿಟ್ಟ ಊಟದ ಡಬ್ಬಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಎದುರಿಗೆ ನನ್ನಿಂದಲೂ ಆಗಲಿಲ್ಲ. ಆದರೆ ಅವಳಿಗೂ ಹೇಳದ ಒಂದು ವಿಷಯವಿದೆ.

ಆ ದಿನಗಳಲ್ಲಿ ರೈಲಿನಲ್ಲಿ ಕೂತು ನಾನು ದಿನಾ ಚಾಮುಂಡಿಯನ್ನು ಬೇಡಿಕೊಳ್ಳುತ್ತಿದ್ದೆ. ಏನೆಂದು ಗೊತ್ತಾ? ಚೀನಾದಲ್ಲಿ ಕಟ್ಟಡಗಳು ಏಳಲಿ ತಾಯಿ, ಎಂದು. ಅವರು ಕೊಳ್ಳುವ ನಮ್ಮ ಅದಿರಿನ ಬೆಲೆ ಏರಲಿ ಎಂದು. ನನ್ನನ್ನು ತೆಗೆದುಹಾಕಿದ ಕಂಪನಿ ಚೆನ್ನಾಗಿರಲಿ, ಅದು ಚೆನ್ನಾಗಿದ್ದರೆ ಮತ್ತೆ ಕರೆದಾರು ಎಂದು. ಬೆಟ್ಟದ ಮೇಲಿನ ದೇವಿಗೆ ಚೀನಾದ ಕಟ್ಟಡದ ಹರಕೆ. ಆಮೇಲೆ ಎಷ್ಟೋ ವರ್ಷ ನನಗೆ ನಾಚಿಕೆಯಾಗಿದೆ. ನಿನ್ನ ಪ್ರವಾದಿಯ ಕಾಗದದ ವಿಷಯ ಓದಿದ ದಿನ ಸ್ವಲ್ಪ ಕಡಿಮೆಯಾಯಿತು.

ಆ ಲಿಪಿಕಾರರು ದೊರೆಯ ಮಾತನ್ನು ಕದ್ದು ದೇವರ ಹತ್ತಿರ ಒಯ್ದರು ಎಂದು ನೀನು ಬರೆದಿದ್ದೆ. ಆ ಕಳ್ಳರಿಗೆ ಕೈ ಮುಗಿಯಬೇಕೆನಿಸಿತು ಎಂದಿದ್ದೆ. ಇರಬಹುದು. ಆದರೆ ಕದ್ದದ್ದೂ ಅಲ್ಲವೇನೋ, ಮರಿ. ಬಹಳ ಹೆದರಿದವನ ಬಾಯಲ್ಲಿ ಆ ಹೊತ್ತಿಗೆ ಬೇರೆ ಮಾತೇ ಇರುವುದಿಲ್ಲ. ಯಾವುದಕ್ಕೆ ಹೆದರಿದ್ದಾನೋ ಅದರ ಮಾತಿನಲ್ಲೇ ದೇವರನ್ನು ಕರೆಯುತ್ತಾನೆ. ಕರೆದದ್ದು ದೇವರನ್ನೇ ತಾನೆ?

ಈಗ ಹೆದರಿಕೆ ಹೋಯಿತೇ ಎಂದು ಏರ್‌ಪೋರ್ಟಿನಲ್ಲಿ ಕೇಳುವ ಹಾಗಿದ್ದೆ ನೀನು, ಕೇಳಲಿಲ್ಲ. ನನ್ನದು ಹೋಯಿತು. ಈ ನಾಲ್ಕು ದಿನ ಚೆನ್ನಾಗಿ ನಿದ್ದೆ ಬಂತು. ಇನ್ನೂ ವೀಸಾದ ಮೇಲೆಯೇ ಇರುವ ನಿನ್ನ ಪಾಲಿನದು ಉಳಿದಿದೆ. ಅದಕ್ಕಾಗಿ ಅರ್ಜಿ ಹಾಕು ಎಂದು ನಿನ್ನನ್ನು ಒತ್ತಾಯ ಮಾಡುವುದಿಲ್ಲ. ನೀನು ಹೆದರದೆ ಕೂತಿರಲಿ ಎಂದೇ ಅಷ್ಟು ದಿನ ಬೂಟಿಗೆ ಮಣ್ಣು ಹಚ್ಚಿದ್ದು. ಈಗ ಹೆದರಿ ಎದ್ದು ನಿಲ್ಲು ಎಂದರೆ ಅರ್ಥವಿಲ್ಲ.

ಭಾರತದ ಪಾಸ್‌ಪೋರ್ಟನ್ನು ಇನ್ನು ವಾಪಸು ಕೊಡಬೇಕು. ಇವತ್ತು ಅದನ್ನು ತೆಗೆದು ನೋಡುತ್ತಾ ಕೂತಿದ್ದೆ. ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗೋಣ, ರಜೆ ಹಾಕು. ಬೆಂಗಳೂರಿನಲ್ಲಿ ಇಳಿದಾಗ ನೀನು ಅಲ್ಲಿಯವರ ಸಾಲಿನಲ್ಲಿ ಬೇಗ ಆಚೆ ಹೋಗುತ್ತೀಯ, ನಾನು ಪರದೇಶದವರ ಸಾಲಿನಲ್ಲಿ ನಿಂತಿರುತ್ತೇನೆ. ಗಾಜಿನ ಆಚೆ ಕಾಯುತ್ತಿರು, ಬ್ಯಾಗು ಹೊರಬೇಡ. ವಾಪಸು ಇಲ್ಲಿಗೆ ಬಂದಾಗ ನಾನು ಮೊದಲು ಆಚೆ ಹೋಗುತ್ತೇನೆ. ನಿನ್ನ ಸಾಲು ಎಷ್ಟೇ ಉದ್ದವಿರಲಿ, ಅವರು ಎಷ್ಟೇ ಪ್ರಶ್ನೆ ಕೇಳಲಿ, ತಲೆಯೆತ್ತಿ ನೋಡಿದರೆ ನಿನಗೆ ಕಾಣುವ ಹಾಗೆಯೇ ನಿಂತಿರುತ್ತೇನೆ.

ಅಪ್ಪ